ಹದಿನಾಲ್ಕನೇ ಸಲ ಅವರೆಕಾಳು

ಕಳೆದ ಶನಿವಾರ ನಾನು 14ನೇ ಸಲ ಶಿಕಾಗೋದ ಬೀನ್ ಅನ್ನುವ ದೊಡ್ಡ ಸ್ಟೀಲ್ ಶಿಲ್ಪ ನೋಡಿ ಬಂದೆ. ಕಾಲು ಇನ್ನೂ ನೋಯುತ್ತಿದೆ. ಕಾಲಿಗಿಂತ ಜಾಸ್ತಿ ಕತ್ತು ನೋಯುತ್ತಿದೆ. ಬೀನ್ ನೋಡಿದರೆ ಕತ್ತು ಯಾಕೆ ನೋಯಬೇಕು ಅಂತ ಹೆಂಡತಿ ಕೇಳಿದಳು. ಅವಳು ನಮ್ಮ ಜೊತೆ ಬಂದಿರಲಿಲ್ಲ, ಅದಕ್ಕೇ ಈ ಪ್ರಶ್ನೆ.

ಅಮೆರಿಕದ ದೊಡ್ಡ ಊರಿನ ಪಕ್ಕದಲ್ಲಿ ಮನೆ ಮಾಡಿದವರಿಗೆಲ್ಲ ಈ ಪಾಡು ಗೊತ್ತು. ಮೇ ತಿಂಗಳು ಬಂತೆಂದರೆ ಊರಿಂದ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಬರಲಿ, ಸಂತೋಷ. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಕೋಡುಬಳೆ ಎಲ್ಲ ಜೊತೆಗೇ ಬರುತ್ತದೆ. ಆದರೆ ಮೂರನೇ ದಿನ ಜೆಟ್‌ಲ್ಯಾಗ್ ಇಳಿದ ಕೂಡಲೇ ಕಾಫಿ ಲೋಟ ಕೆಳಗಿಟ್ಟು ಕೇಳುತ್ತಾರೆ, ‘ಮತ್ತೆ, ಇಲ್ಲಿ ನೋಡೋಕೆ ಏನೇನಿದೆ?’ ಸರಿಯಾಗಿ ಆಗಲೇ ನನ್ನ ಹೆಂಡತಿಗೆ ಆಫೀಸಿನ ಮೀಟಿಂಗ್ ಬರುತ್ತದೆ. ಶನಿವಾರವಾದರೂ ಬರುತ್ತದೆ.

ನಮ್ಮ ಮನೆ ಇರುವುದು ನೇಪರ್‌ವಿಲ್‌ನಲ್ಲಿ. ರೈಲು ಹತ್ತಿ ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದರೆ ಸಾಕು, ನನ್ನ ಕಾಲು ತಾನಾಗಿಯೇ ನಡೆಯುತ್ತದೆ. ಗೋಪುರ, ಬೀನ್, ನದಿಯಲ್ಲಿ ದೋಣಿ, ಪಿಜ್ಜಾ, ವಾಪಸ್ ರೈಲು. ಗಾಣದ ಎತ್ತಿಗೆ ಕಣ್ಣಿಗಾದರೂ ಬಟ್ಟೆ ಕಟ್ಟಿರುತ್ತಾರೆ. ನನಗೆ ಅದೂ ಇಲ್ಲ.

ಈ ಸಲ ಬಂದವರು ನನ್ನ ಸೋದರಮಾವ. ಅರಸೀಕೆರೆಯವರು. ಪಿಡಬ್ಲ್ಯುಡಿಯಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ತುಂಬಾ ಒಳ್ಳೆಯವರು. ಒಂದೇ ಒಂದು ಅಭ್ಯಾಸ. ಎಣಿಸುತ್ತಾರೆ.

ಎಣಿಸುತ್ತಾರೆ ಅಂದರೆ, ಎಲ್ಲವನ್ನೂ. ನಮ್ಮ ಮನೆಯ ಮೆಟ್ಟಿಲು 13 ಅಂತ ಬಂದ ದಿನವೇ ಹೇಳಿದರು. ಒಂಬತ್ತು ವರ್ಷ ಹತ್ತಿ ಇಳಿದ ನನಗೆ ಗೊತ್ತಿರಲಿಲ್ಲ. ಮಾರನೇ ದಿನ ದೋಸೆ ಎಣಿಸಿದರು. ಅವರು ತಿಂದದ್ದನ್ನಲ್ಲ, ನಾನು ತಿಂದದ್ದನ್ನು. ಬರೆದದ್ದನ್ನು, ಹೇಳಿದ್ದನ್ನು ನಂಬುವವರಲ್ಲ. ಮೆಷರ್‌ಮೆಂಟ್ ಬುಕ್ಕಿನಲ್ಲಿ ಕಂಟ್ರಾಕ್ಟರ್ ಬರೆದ ಅಳತೆಯನ್ನು ಸ್ಥಳಕ್ಕೆ ಹೋಗಿ ಟೇಪು ಹಿಡಿದು ನೋಡಿ ನೋಡಿಯೇ ಮೂವತ್ತು ವರ್ಷ ಕಳೆದವರು.

ಇಂಥವರನ್ನು ವಿಲ್ಲಿಸ್ ಟವರ್ ಬುಡಕ್ಕೆ ಕರೆದುಕೊಂಡು ಹೋದೆ. ಹಳಬರು ಇವತ್ತಿಗೂ ಸಿಯರ್ಸ್ ಟವರ್ ಅಂತಲೇ ಕರೆಯುವ ಕಟ್ಟಡ. ಸುಮಾರು 25 ವರ್ಷ ಜಗತ್ತಿಗೇ ಎತ್ತರದ್ದು ಅನ್ನಿಸಿಕೊಂಡಿತ್ತು. ನನ್ನ ಬಾಯಿಪಾಠ ಶುರುವಾಯಿತು, ‘ಮಾವ, ಇದು 110 ಮಹಡಿ.’

‘ಯಾರು ಹೇಳಿದ್ದು?’

‘ಎಲ್ಲರೂ ಹೇಳ್ತಾರೆ.’

‘ಎಲ್ಲರೂ ಹೇಳ್ತಾರೆ ಅಂತ ನಾನು ಬಿಲ್ ಪಾಸ್ ಮಾಡಿದ್ದಿದ್ರೆ ಇವತ್ತು ಪೆನ್ಷನ್ ತಗೊಳ್ತಿರ್ಲಿಲ್ಲ ಕಣೋ.’

ಅಷ್ಟು ಹೇಳಿ ಫುಟ್‌ಪಾತಿನ ನಡುವೆ ನಿಂತು, ಕತ್ತು ಹಿಂದಕ್ಕೆ ಹಾಕಿ, ತೋರುಬೆರಳು ಎತ್ತಿ, ಒಂದರಿಂದ ಶುರು ಮಾಡಿದರು. 37ಕ್ಕೆ ಬಂದಾಗ ಬಸ್ಸೊಂದು ಹಾರನ್ ಹೊಡೆಯಿತು. ಲೆಕ್ಕ ತಪ್ಪಿತು. ಮತ್ತೆ ಒಂದರಿಂದ. ಈ ಸಲ ನನಗೂ ಕೆಲಸ ಕೊಟ್ಟರು. ಅವರು ಹತ್ತು ಎಣಿಸಿದಾಗಲೆಲ್ಲ ನಾನು ಒಂದು ಬೆರಳು ಮಡಚಬೇಕು. ಅಷ್ಟೇ ಅಲ್ಲ, ಕ್ರಾಸ್ ಚೆಕ್ಕಿಗಾಗಿ ನಾನೂ ಮನಸ್ಸಿನಲ್ಲೇ ಬೇರೆಯಾಗಿ ಎಣಿಸಬೇಕು. ನಡುನಡುವೆ ಕಿಟಕಿಯೇ ಇಲ್ಲದ, ಕಪ್ಪು ಪಟ್ಟಿ ಬಳಿದ ಹಾಗಿರುವ ಮಹಡಿಗಳಿವೆ. ಅವನ್ನು ಎಷ್ಟು ಅಂತ ಹಿಡಿಯುವುದು? ಮಾವನಿಗೆ 71 ಆದಾಗ ನನಗೆ 68 ಆಗಿತ್ತು. ಹೇಳಬಾರದಿತ್ತು, ಹೇಳಿಬಿಟ್ಟೆ. ಮತ್ತೆ ಒಂದರಿಂದ.

ಇಬ್ಬರು ಗಂಡಸರು ಆಕಾಶಕ್ಕೆ ಬಾಯಿ ಬಿಟ್ಟು, ಒಬ್ಬ ಬೆರಳು ತೋರಿಸುತ್ತಾ, ಇನ್ನೊಬ್ಬ ಬೆರಳು ಮಡಚುತ್ತಾ ನಿಂತರೆ ಏನಾಗುತ್ತದೆ? ಎಲ್ಲ ಊರಿನಲ್ಲೂ ಆಗುವುದೇ ಆಯಿತು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ಮೇಲೆ ನೋಡಿದಳು. ಅವಳನ್ನು ನೋಡಿ ಇಬ್ಬರು ಹುಡುಗರು ನಿಂತರು. ಒಬ್ಬ ಫೋನು ತೆಗೆದು ವಿಡಿಯೋ ಶುರು ಮಾಡಿದ. ಐದು ನಿಮಿಷದಲ್ಲಿ ಸಣ್ಣ ಗುಂಪೇ ಆಯಿತು. ಕೊನೆಗೆ ಯಾರೋ ಕಾತರದಿಂದ ನನ್ನ ಭುಜ ತಟ್ಟಿ, ಮೇಲೆ ಏನಿದೆ ಅಂತ ಕೇಳಿದ.

‘ಮಹಡಿ’ ಅಂದೆ.

ಅವನು ನನ್ನನ್ನು ನೋಡಿದ ನೋಟ ಈ ಜನ್ಮದಲ್ಲಿ ಮರೆಯುವುದಿಲ್ಲ. ನಾಯಿಯೂ ಹಾಗೇ ನೋಡಿತು. ಮಾವನಿಗೆ ಇದೊಂದೂ ಗೊತ್ತಿಲ್ಲ. 80ರ ಆಸುಪಾಸಿಗೆ ಬಂದು ಅವರೇ ನಿಲ್ಲಿಸಿದರು. ಅಲ್ಲಿಂದ ಮೇಲೆ ಮೋಡ.

ಮೋಡ ಇದ್ದರೆ ಮೇಲೆ ಹೋಗಿ ಪ್ರಯೋಜನವಿಲ್ಲ. ಟಿಕೆಟ್ ತೋರಿಸುವಾಗಲೇ, ಇವತ್ತು ಏನೇನೂ ಕಾಣುವುದಿಲ್ಲ ಅಂತ ಪಾಪ, ಟಿಕೆಟ್ ನೋಡುವವರೇ ಹೇಳಿದರು. ಆದರೆ ನಾನು ಹಿಂದಿನ ರಾತ್ರಿಯೇ ದುಡ್ಡು ಕಟ್ಟಿಬಿಟ್ಟಿದ್ದೆ. ದುಡ್ಡು ಕಟ್ಟಿದ ಮೇಲೆ ಕನ್ನಡಿಗರು ಮೋಡಕ್ಕೆಲ್ಲ ಹೆದರುವುದಿಲ್ಲ. ಲಿಫ್ಟು ಒಂದೇ ನಿಮಿಷದಲ್ಲಿ 103ನೇ ಮಹಡಿಗೆ ಹೊತ್ತುಕೊಂಡು ಹೋಯಿತು. ಅಲ್ಲಿ ಗೋಡೆಯಿಂದ ನಾಲ್ಕು ಅಡಿ ಹೊರಗೆ ಚಾಚಿದ ಗಾಜಿನ ಗೂಡುಗಳಿವೆ. ನೆಲವೂ ಗಾಜು. ಕಾಲ ಕೆಳಗೆ 1,353 ಅಡಿ ಆಳದ ರಸ್ತೆ ಕಂಡು ಜನ ಕಿರುಚಬೇಕು. ನಮಗೆ ಕಂಡದ್ದು ಹಾಲು. ಮೇಲೆ ಹಾಲು, ಕೆಳಗೆ ಹಾಲು. ಇಷ್ಟಕ್ಕೆ ನಂದಿಬೆಟ್ಟ ಸಾಕಿತ್ತಲ್ವಾ?

ನಮ್ಮ ಸರದಿ ಬಂತು. ಗಾಜಿನ ಗೂಡಿನ ಹೊಸ್ತಿಲಿಗೆ ಬಂದ ಮಾವ ನಿಂತರು. ಬಗ್ಗಿದರು. ನಿಧಾನಕ್ಕೆ ಲೇಸು ಬಿಚ್ಚಿ ಬೂಟು ತೆಗೆದರು. ಆಮೇಲೆ ಸಾಕ್ಸು. ಮಡಚಿ ಬೂಟಿನೊಳಗಿಟ್ಟರು. ‘ಮಾವ, ಇಲ್ಲಿ ಬೂಟು ಬಿಚ್ಚಬೇಕಾಗಿಲ್ಲ’ ಅಂದೆ. ‘ಇಷ್ಟು ಚೊಕ್ಕ ಒರೆಸಿಟ್ಟಿದ್ದಾರೆ, ಬೂಟು ಹಾಕ್ಕೊಂಡು ತುಳಿಯೋದಾ?’ ಅಂದರು. ಬಲಗಾಲು ಮುಂದಿಟ್ಟು ಒಳಗೆ ಹೋದರು. ನಮ್ಮ ಹಿಂದೆ ಒಂದು ಗುಜರಾತಿ ಕುಟುಂಬವಿತ್ತು. ಅಜ್ಜಿ ಮಾವನನ್ನು ನೋಡಿದ್ದೇ ತಡ, ಅವರೂ ಚಪ್ಪಲಿ ಬಿಟ್ಟರು. ಅಜ್ಜಿ ಬಿಟ್ಟ ಮೇಲೆ ಮಗ ಸೊಸೆ ಬಿಡದೇ ಇರುತ್ತಾರಾ? ಅವರ ಹಿಂದಿದ್ದ ಬಿಳಿ ದಂಪತಿ ಇದೇ ರೂಲ್ಸು ಇರಬೇಕು ಅಂದುಕೊಂಡು ಲೇಸು ಬಿಚ್ಚತೊಡಗಿದರು. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಕಣ್ಣು ಬಿಟ್ಟುಕೊಂಡು ನೋಡಿದಳು. ಎರಡೇ ನಿಮಿಷದಲ್ಲಿ ಚಾಮುಂಡಿ ಬೆಟ್ಟದ ಬಾಗಿಲಿನ ಹಾಗೆ ಆಗಿಹೋಯಿತು. ‘ನೀನು ಚಪ್ಪಲಿ ನೋಡ್ಕೋ’ ಅಂತ ಮಾವ ಒಳಗಿಂದಲೇ ಕೂಗಿದರು.

ನೋಡಿಕೊಂಡೆ. ಗೋಡೆಗೆ ಒರಗಿ, ಎಂಟು ಜೊತೆ ಪಾದರಕ್ಷೆ ಕಾಯುತ್ತಾ ನಿಂತಿದ್ದೆ. ಆಗ ಅಪ್ಪನ ನೆನಪಾಯಿತು.

ನಮ್ಮ ಮನೆ ಮೈಸೂರಿನಲ್ಲಿತ್ತು. ದಸರೆಗೆ ಮನೆ ತುಂಬಾ ನೆಂಟರು. ಈ ಮಾವನೂ ತಪ್ಪದೇ ಬರುತ್ತಿದ್ದರು. ಅಪ್ಪ ಎಲ್ಲರನ್ನೂ ಅರಮನೆ, ಝೂ, ಬೆಟ್ಟ, ಕೆಆರ್‌ಎಸ್ ಅಂತ ಸುತ್ತಿಸುತ್ತಿದ್ದರು. ಅರಮನೆಯ ಹತ್ತಿರ ಬಂದಾಗ ಮಾತ್ರ ‘ನೀವು ಹೋಗಿ ಬನ್ನಿ, ನಾನು ಚಪ್ಪಲಿ ನೋಡ್ಕೊಳ್ತೀನಿ’ ಅನ್ನುತ್ತಿದ್ದರು. ಅಲ್ಲಿ ಚಪ್ಪಲಿ ಸ್ಟ್ಯಾಂಡು ಇತ್ತು. ಟೋಕನ್ನೂ ಕೊಡುತ್ತಿದ್ದರು. ಆದರೂ ಅಪ್ಪ ಹೊರಗೇ ನೆರಳು ನೋಡಿ ಕೂರುತ್ತಿದ್ದರು, ಮಡಿಚಿದ ಪೇಪರ್ ಹಿಡಿದು. ಅಷ್ಟು ಚಂದದ ಅರಮನೆಯನ್ನು ಅಪ್ಪ ಯಾಕೆ ನೋಡುವುದಿಲ್ಲ ಅಂತ ಆಗ ನನಗೆ ಬೇಜಾರಾಗುತ್ತಿತ್ತು. ಅವರಿಗೆ ಅದು ಎಷ್ಟನೇ ಸಲವಾಗಿತ್ತೋ. ಅವರು ಎಣಿಸಿರಲಿಲ್ಲ. ಎಣಿಸುತ್ತಿದ್ದವರು ಮಾವ. ರಾತ್ರಿ ದೀಪ ಹತ್ತಿದ ಮೇಲೆ ಒಂದು ಕಮಾನಿನ ಬಲ್ಬು ಎಣಿಸಿ, ಕಮಾನುಗಳ ಲೆಕ್ಕದಿಂದ ಗುಣಿಸಿ, ಲಕ್ಷಕ್ಕೆ ಎಷ್ಟು ಕಮ್ಮಿ ಅಂತ ಹೇಳುತ್ತಿದ್ದರು. ಅಪ್ಪ ಸುಮ್ನೆ ತಲೆಯಾಡಿಸುತ್ತಿದ್ದರು.

‘ನನ್ನ ಸಾಕ್ಸು ಒಂದೇ ಇದೆಯಲ್ಲೋ’ ಅಂತ ಮಾವ ಬಂದರು. ಇನ್ನೊಂದು ಅಜ್ಜಿಯ ಚಪ್ಪಲಿಯ ಕೆಳಗೆ ಸಿಕ್ಕಿತು.

ಬೀನ್ ಹತ್ತಿರ ಬರುವ ಹೊತ್ತಿಗೆ ನನಗೆ ಹಸಿವು. ಇದರ ನಿಜವಾದ ಹೆಸರು ಕ್ಲೌಡ್ ಗೇಟ್. ಮಾಡಿದವರು ಮುಂಬೈನಲ್ಲಿ ಹುಟ್ಟಿದ ಅನೀಶ್ ಕಪೂರ್. ಬೀನ್ ಅನ್ನುವ ಅಡ್ಡಹೆಸರು ಅವರಿಗೆ ಮೊದಲು ಹಿಡಿಸಿರಲಿಲ್ಲವಂತೆ. ಮಾವ ಒಂದು ಸುತ್ತು ಬಂದು, ‘ಇದು ಬೀನ್ಸ್ ಅಲ್ಲ, ಹಿತಕಿದ ಅವರೆಕಾಳು’ ಅಂದರು. 13 ಸಲ ನೋಡಿದ ನನಗೆ ಹೊಳೆದಿರಲಿಲ್ಲ! ಸಿಪ್ಪೆ ಹಿಸುಕಿ ತೆಗೆದ ಕಾಳು ಹಾಗೇ ಮಿರಮಿರ ಮಿಂಚುತ್ತದೆ.

ಸ್ಟೀಲಿನ 168 ತಗಡು ಜೋಡಿಸಿ ಮಾಡಿದ್ದು ಅಂತ ಬಾಯಿಪಾಠದ ಭರದಲ್ಲಿ ಹೇಳಿಬಿಟ್ಟೆ. ನನ್ನ ನಾಲಿಗೆ ಸುಡ. ಮಾವ ಕನ್ನಡಕ ಒರೆಸಿಕೊಂಡು ಕೀಲು ಹುಡುಕಲು ಶುರು ಮಾಡಿದರು. ಬೆಸುಗೆ ಹಾಕಿ ಉಜ್ಜಿ ಉಜ್ಜಿ ಕೀಲೇ ಕಾಣದ ಹಾಗೆ ಮಾಡಿದ್ದಾರೆ, ಅದೇ ಅದರ ಹೆಚ್ಚುಗಾರಿಕೆ. ಎಲ್ಲರೂ ಅದರಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಿದ್ದರೆ ಇವರೊಬ್ಬರು ಮೂಗು ತಾಗಿಸಿಕೊಂಡು ಅರ್ಧ ಗಂಟೆ ಬೆಸುಗೆ ಹುಡುಕಿದರು. ಸಿಗಲಿಲ್ಲ. ಮುಖ ಬಾಡಿತು. ಸಮಾಧಾನಕ್ಕೆ ಅಂತ ಅದರ ಖರ್ಚಿನ ಕಥೆ ಹೇಳಿದೆ. ಮೊದಲ ಅಂದಾಜು 6 ಮಿಲಿಯನ್ ಡಾಲರ್, ಮುಗಿಯುವಾಗ 23 ಮಿಲಿಯನ್. ಇದು ಇರುವ ಪಾರ್ಕು 2004ರಲ್ಲೇ ತೆರೆದರೂ ಇದರ ಕೆಲಸ ಮುಗಿದದ್ದು 2006ರಲ್ಲಿ. ಮಾವನ ಮುಖ ಊರಿನ ನೆಂಟರು ಸಿಕ್ಕ ಹಾಗೆ ಅರಳಿತು. ‘ರಿವೈಸ್ಡ್ ಎಸ್ಟಿಮೇಟ್! ಇಲ್ಲೂ ಇದೆಯಾ!’ ಅಂತ ಅವರೆಕಾಳಿನ ಬೆನ್ನು ತಟ್ಟಿದರು.

ಎದುರುಗಡೆ ಆರ್ಟ್ ಇನ್‌ಸ್ಟಿಟ್ಯೂಟ್. 1893ರಲ್ಲಿ ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಮಾವ ಹೊರಗಿನ ಮೆಟ್ಟಿಲ ಮೇಲೆ ನಿಂತು ಕೈ ಮುಗಿದರು. ಮೆಟ್ಟಿಲು ಎಣಿಸಲಿಲ್ಲ. ಅದೊಂದು ಕಡೆ ಮಾತ್ರ.

ದೋಣಿಯಲ್ಲಿ ನಾನು ನಿದ್ದೆ ಹೊಡೆಯಬೇಕು ಅಂತ ಲೆಕ್ಕ ಹಾಕಿದ್ದೆ. ಆದರೆ ನದಿಯನ್ನು ತಿರುಗಿಸಿದ ಕಥೆ ಬಂತು. ಈ ಊರು ಕುಡಿಯುವ ನೀರು ಮಿಶಿಗನ್ ಸರೋವರದ್ದು, ಊರ ಕೊಳೆ ಹೊತ್ತ ನದಿ ಸೇರುತ್ತಿದ್ದದ್ದೂ ಅದೇ ಸರೋವರಕ್ಕೆ. 1900ರಲ್ಲಿ ಕಾಲುವೆ ತೋಡಿ ನದಿಯನ್ನೇ ಹಿಂದುಮುಂದಾಗಿ ಹರಿಸಿದರು. ಕೊಳೆ ಮಿಸ್ಸಿಸ್ಸಿಪ್ಪಿಯ ಕಡೆ ಹೋಯಿತು. ಕೆಳಗಿನ ಮಿಸ್ಸೌರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1906ರಲ್ಲಿ ಸೋತಿತು. ಇದನ್ನು ಹೇಳಿದಾಗ ಮಾವ ಸೀಟಿನಿಂದ ಎದ್ದೇ ಬಿಟ್ಟರು. ‘ಏನು, ನೀರು ಬಿಡಬೇಡಿ ಅಂತ ಕೇಸಾ?’ ಕಾವೇರಿಯ ಜನ ನಾವು. ಇಂಥ ಕೇಸು ಕೇಳಿ ದೋಣಿ ಅಲ್ಲಾಡುವಷ್ಟು ನಕ್ಕರು. ನನ್ನ ನಿದ್ದೆ ಅಲ್ಲಿಗೆ ಹೋಯಿತು. ಆಮೇಲೆ ಸೇತುವೆ ಎಣಿಸಿದರು.

ಪಿಜ್ಜಾದ ವಿಷಯ ಬೇಡ. ಅಷ್ಟು ದಪ್ಪದ್ದು ಬೇಯಲು ಮುಕ್ಕಾಲು ಗಂಟೆ ಬೇಕು, ಮಾವ ಅಷ್ಟರಲ್ಲಿ ಬ್ಯಾಗಿನಿಂದ ಚಿತ್ರಾನ್ನ ತೆಗೆದಿದ್ದರು.

ಸೋಮವಾರ ಬಿಸಿಲು ಬಂತು. ಮೋಡವಿಲ್ಲದ ಗೋಪುರದ ಫೋಟೋ ಬೇಕು ಅಂತ ಹಟ ಹಿಡಿದರು. ಅರ್ಧ ದಿನ ರಜೆ ಹಾಕಿ ಮತ್ತೆ ಕರೆದುಕೊಂಡು ಹೋದೆ. ಬುಡದಿಂದ ತುದಿಯವರೆಗೆ 22 ಫೋಟೋ ತೆಗೆದುಕೊಂಡರು. ಮಂಗಳವಾರ ವಿಮಾನ ಹತ್ತಿಸಿ ಬಂದು ಕತ್ತಿಗೆ ಬಾಮ್ ಹಚ್ಚಿಕೊಂಡು ಮಲಗಿದೆ.

ಮಾರನೇ ದಿನ ದೋಹಾದಿಂದ ವಾಯ್ಸ್ ಮೆಸೇಜ್. ವಿಮಾನ ಬದಲಿಸಲು ಏಳು ಗಂಟೆ ಕಾಯಬೇಕಿತ್ತಂತೆ. ‘ನೂರಾ ಎಂಟು ಕಣೋ. ಫೋಟೋ ದೊಡ್ಡದು ಮಾಡಿ ಮೂರು ಸಲ ಎಣಿಸಿದೆ. ನೂರಾ ಎಂಟೇ.’

ಜಪಮಣಿ ಎಣಿಸಿರಬೇಕು ಅಂತ ನಕ್ಕೆವು. ಆದರೂ ರಾತ್ರಿ ನಿದ್ದೆ ಬರಲಿಲ್ಲ, ಹುಡುಕಿ ನೋಡಿದೆ. ಕಟ್ಟಡದವರು ಮೇಲಿನ ತಾರಸಿಯನ್ನು 109 ಅಂತಲೂ, ಅದರ ಮೇಲಿನ ಯಂತ್ರದ ಕೋಣೆಯ ತಾರಸಿಯನ್ನು 110 ಅಂತಲೂ ಲೆಕ್ಕ ಹಿಡಿಯುತ್ತಾರಂತೆ. ತಾರಸಿ ಬಿಟ್ಟರೆ ಮಹಡಿ 108.

ಮಾವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮುಂದಿನ ಮೇ ತಿಂಗಳು ಹ್ಯಾನ್‌ಕಾಕ್ ಕಟ್ಟಡ ಎಣಿಸಲು ಬರುತ್ತಾರೆ. ಅದು 100 ಮಹಡಿ. ಅಂತ ಎಲ್ಲರೂ ಹೇಳುತ್ತಾರೆ.