ಡಕೋಟಾ ಅನ್ನೋದು ಬೈಗುಳ ಅಲ್ಲ

ಗಡಗಡ ಅನ್ನೋ ಹಳೇ ಗಾಡಿ ಕಂಡರೆ 'ಡಕೋಟಾ' ಅನ್ನೋದು ನಮ್ಮ ಕಡೆ ರೂಢಿ. ದಾವಣಗೆರೆ-ಚಿತ್ರದುರ್ಗ ನಡುವೆ ಅಪ್ಪ ಓಡಿಸುತ್ತಿದ್ದ ಖಾಸಗಿ ಬಸ್ಸಿಗೂ ಅದೇ ಹೆಸರಿತ್ತು. ಭರಮಸಾಗರದ ಸ್ಟಾಪಿನಲ್ಲಿ ಹುಡುಗರು 'ಬಂತು ನೋಡ್ರಲೇ ಡಕೋಟಾ' ಅಂತ ಕೂಗಿದರೆ ನನಗೆ ಅಳು ಬರುತ್ತಿತ್ತು. ಆ ಹೆಸರಿನ ಹಿಂದೆ ಏನಿದೆ ಅಂತ ತಿಳಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

1935ರ ಡಿಸೆಂಬರ್ 17ರಂದು ಅಮೆರಿಕದಲ್ಲಿ ಮೊದಲ ಸಲ ಹಾರಿದ ಡಗ್ಲಾಸ್ ಡಿಸಿ-3 ವಿಮಾನ ಹುಟ್ಟಿದ್ದು ಯುದ್ಧಕ್ಕಲ್ಲ. ಪ್ರಯಾಣಿಕರು ರಾತ್ರಿ ಮಲಗಿಕೊಂಡು ಹೋಗಲಿ ಅಂತ 14 ಬರ್ತ್ ಹಾಕಿ ಮಾಡಿದ್ದು. ಸೀಟು ಹಾಕಿದರೆ 21 ಜನ. ಎರಡನೇ ಮಹಾಯುದ್ಧ ಬಂತು. ನೆಲ ಗಟ್ಟಿ ಮಾಡಿ, ಬಾಗಿಲು ಅಗಲ ಮಾಡಿ ಅದನ್ನೇ ಸಿ-47 ಅಂದರು. ಡಕೋಟಾ ಅನ್ನೋದು ಅದಕ್ಕೆ ಬ್ರಿಟಿಷರು ಇಟ್ಟ ಹೆಸರು. ಯುದ್ಧ ಗೆಲ್ಲಿಸಿದ ಸಲಕರಣೆ ಯಾವುವು ಅಂತ ಹೇಳುವಾಗ ಯುರೋಪಿನಲ್ಲಿ ಮಿತ್ರಪಡೆಗಳನ್ನು ಮುನ್ನಡೆಸಿದ ಅಮೆರಿಕದ ಜನರಲ್ ಐಸೆನ್‌ಹೋವರ್ ಬುಲ್ಡೋಜರ್, ಜೀಪು, ಎರಡೂವರೆ ಟನ್ ಲಾರಿಯ ಜೊತೆ ಇದನ್ನೂ ಸೇರಿಸಿದರು. ನೋಡಿ, ಎಲ್ಲಾ ಹೊರೆ ಹೊರುವ, ದಾರಿ ಮಾಡುವ ಯಂತ್ರಗಳೇ.

ನಮ್ಮ ದೇಶದ ಕಥೆ ಇನ್ನೂ ದೊಡ್ಡದು. ಚುನಾವಣೆ ಬಂದಾಗ ಅಪ್ಪನ ಬಸ್ಸನ್ನು ಮತಗಟ್ಟೆ ಕೆಲಸಕ್ಕೆ ಕರೆಸಿಕೊಳ್ಳುತ್ತಿದ್ದರಲ್ಲ, ಹಾಗೇ 1947ರ ಅಕ್ಟೋಬರಿನಲ್ಲಿ ವಿಮಾನ ಕಂಪನಿಗಳ ಡಕೋಟಾಗಳನ್ನು ಸರ್ಕಾರ ಕರೆಸಿಕೊಂಡಿತು. 27ರ ಬೆಳಗ್ಗೆ ವಾಯುಪಡೆಯ ಡಕೋಟಾಗಳ ಜೊತೆ ಅವೂ ದಿಲ್ಲಿಯಿಂದ ಸಿಖ್ ರೆಜಿಮೆಂಟಿನ ಯೋಧರನ್ನು ಹೊತ್ತು ಶ್ರೀನಗರಕ್ಕೆ ಹಾರಿದವು. ಅಲ್ಲಿನ ವಿಮಾನ ನಿಲ್ದಾಣ ಪಾಕಿಸ್ತಾನದ ಕಡೆಯಿಂದ ಕಾಶ್ಮೀರಕ್ಕೆ ನುಗ್ಗಿದ್ದ ದಾಳಿಕೋರರ ಕೈಗೆ ಸಿಕ್ಕಿದೆಯೋ ಇಲ್ಲವೋ ಹೊರಟವರಿಗೆ ಗೊತ್ತಿರಲಿಲ್ಲ. ಸಂಬಳಕ್ಕೆ ಪ್ರಯಾಣಿಕರನ್ನು ಕರೆದೊಯ್ಯುತ್ತಿದ್ದ ಪೈಲಟ್‌ಗಳು ಯುದ್ಧದ ನಡುವೆ ಇಳಿದರು! ಅದೇ ದಿನವನ್ನು ಸೇನೆ ಈಗ ಪದಾತಿ ದಿನವಾಗಿ ಆಚರಿಸುತ್ತದೆ. ಆ ಪೈಲಟ್‌ಗಳ ಬಗ್ಗೆ ಮಾತ್ರ ನಾನು ಓದಿದ ಶಾಲೆಯ ಪಾಠದಲ್ಲಿ ಒಂದು ಸಾಲೂ ಇರಲಿಲ್ಲ. ಇದು ಸರಿಯಲ್ಲ. ಇಳಿದು ಹೋರಾಡಿದವರ ಪಕ್ಕದಲ್ಲೇ ಕರೆತಂದವರನ್ನೂ ನೆನೆಯಬೇಕು.

1948ರ ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಅವರು ಲಡಾಖಿನ ಲೇಹ್‌ನಲ್ಲಿ ಡಕೋಟಾ ಇಳಿಸಿದರು. 10,000 ಅಡಿಗೂ ಎತ್ತರದ ಜಾಗ, ಆಗಷ್ಟೇ ಸಮ ಮಾಡಿದ ಮಣ್ಣಿನ ರನ್‌ವೇ. ಪಕ್ಕದಲ್ಲಿ ಕೂತಿದ್ದವರು ನಮ್ಮ ಕೊಡಗಿನ ಸೇನಾಧಿಕಾರಿ ಜನರಲ್ ತಿಮ್ಮಯ್ಯನವರು.

ಮೊನ್ನೆ ಅಪ್ಪನಿಗೆ ಇದೆಲ್ಲ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಷ್ಟು ಲೋಡ್ ಇಟ್ಕೊಂಡು ಮಣ್ಣಲ್ಲಿ ಬ್ರೇಕ್ ಹೆಂಗಪ್ಪ ಹಿಡಿದ್ರು ಆ ಡ್ರೈವರ್ರು?"