ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇರುತ್ತಿತ್ತು

ಬೆಳಿಗ್ಗೆ 6 ಗಂಟೆಗೆ ಹುಬ್ಬಳ್ಳಿಯಲ್ಲಿ ಸಿಂಧನೂರಿನ ಬಸ್ ಹತ್ತುವಾಗ ಅವ್ವ ಒಂದು ಲೀಟರಿನ ಸ್ಟೀಲ್ ಬಾಟಲಿ ತುಂಬಿಸಿ ಕೊಡುತ್ತಿದ್ದಳು. ರಾತ್ರಿ ಲಾಡ್ಜಿನಲ್ಲಿ ಬ್ಯಾಗ್ ಬಿಚ್ಚಿದರೆ ಮುಕ್ಕಾಲು ಬಾಟಲಿ ನೀರು ಹಾಗೇ ಇರುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆಯಿತು.

ನಾನು ಸಹಕಾರ ಸಂಘಗಳ ಆಡಿಟ್ ಕೆಲಸ ಮಾಡುತ್ತೇನೆ. ತಿಂಗಳಲ್ಲಿ ಅರ್ಧದಷ್ಟು ದಿನಗಳು ತಿರುಗಾಟವೇ. ಕೊಪ್ಪಳ, ಗಂಗಾವತಿ, ಸಿಂಧನೂರು, ಮಾನ್ವಿ. ಹೊರಗಿನದ್ದು ತಿನ್ನಬೇಡ, ಆರೋಗ್ಯ ಜೋಪಾನ ಅಂತ ಎಲ್ಲರೂ ಹೇಳುತ್ತಾರೆ. ಊಟದ ಚಿಂತೆ ನಮ್ಮ ಕಡೆ ಅಷ್ಟಿಲ್ಲ ಬಿಡಿ. ಯಾವ ಊರಿಗೆ ಹೋದರೂ ಒಂದು ಖಾನಾವಳಿ ಇರುತ್ತದೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳು, ಮೊಸರು ಸಿಗುತ್ತವೆ. ನನಗೆ ಹೊಡೆತ ಕೊಟ್ಟದ್ದು ನೀರು.

ಯಾಕೆ ಕುಡಿಯುತ್ತಿರಲಿಲ್ಲ ಅಂತ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗ ಇರುವುದಿಲ್ಲ. ಒಂದು ಸಂಘದಲ್ಲಿ ಶೌಚಾಲಯ ಇದೆ ಅಂದರು. ಬೀಗದ ಕೈ ಹುಡುಕಲು ಅರ್ಧ ಗಂಟೆ ಆಯಿತು. ಬಾಗಿಲು ತೆಗೆದರೆ ಒಳಗೆ ಗೊಬ್ಬರದ ಖಾಲಿ ಚೀಲಗಳು, ಸೂರಿನ ತನಕ. ಅವರೂ ಪಾಪ ಪೆಚ್ಚಾದರು. ಅಲ್ಲಿಗೆ ಬರುವವರೆಲ್ಲ ಗಂಡಸರೇ. ಬೇಕು ಅಂತ ಅದುವರೆಗೆ ಯಾರೂ ಕೇಳಿರಲೇ ಇಲ್ಲ. ನಾನು ಸಂಜೆವರೆಗೆ ತಡೆದುಕೊಂಡೆ. ಗಂಟಲು ಒಣಗಿದಾಗ ಒಂದು ಗುಟುಕು, ಅಷ್ಟೇ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ರಾಯಚೂರಿನಲ್ಲಿದ್ದೆ. ಬಿಸಿಲು 40 ಡಿಗ್ರಿ ದಾಟಿತ್ತು. ಎರಡು ದಿನದಿಂದ ಉರಿಮೂತ್ರ ಇತ್ತು, ಉಷ್ಣ ಆಗಿರಬೇಕು ಅಂತ ಸುಮ್ನೆ ಇದ್ದೆ. ಮೂರನೇ ರಾತ್ರಿ ಲಾಡ್ಜಿನಲ್ಲಿ ಆ ಸೆಕೆಯಲ್ಲೂ ಚಳಿ ಹತ್ತಿ ಹಲ್ಲು ಕಟಕಟ ಅನ್ನತೊಡಗಿತು. ಫ್ಯಾನ್ ಆರಿಸಿ, ಎರಡು ಹೊದಿಕೆ ಹೊದ್ದರೂ ನಡುಕ ನಿಲ್ಲಲಿಲ್ಲ. ಸೊಂಟದ ಮೇಲೆ ಒಂದೇ ಪಕ್ಕಕ್ಕೆ ಚುಚ್ಚುವ ನೋವು. ಬೆಳಗಾದ ಮೇಲೆ ಡಾಕ್ಟರ್ ಹತ್ತಿರ ಹೋದರೆ, ಸೋಂಕು ಕಿಡ್ನಿಗೆ ಏರಿದೆ ಅಂದರು.

ಅವರು ಬಿಡಿಸಿ ಹೇಳಿದ್ದು ನನಗೆ ಆವರೆಗೆ ಯಾರೂ ಹೇಳಿರಲಿಲ್ಲ. ಮೂತ್ರ ಹೊರಗೆ ಬರುವ ನಾಳ ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ 20ರ ಹತ್ತಿರ. ನಮ್ಮದೇ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಆ ಚಿಕ್ಕ ದಾರಿಯಲ್ಲಿ ಬೇಗ ಒಳಗೆ ಸೇರುತ್ತದೆ. ಮೂತ್ರ ಮಾಡಿದಾಗಲೆಲ್ಲ ಅದು ತೊಳೆದು ಹೋಗುತ್ತದೆ. ತಡೆದುಕೊಂಡರೆ ಒಳಗೇ ಬೆಳೆಯುತ್ತದೆ. ನಾನು ವರ್ಷಗಟ್ಟಲೆ ಅದಕ್ಕೆ ಪುರಸೊತ್ತು ಕೊಟ್ಟಿದ್ದೆ.

ಈಗ ಬೆಳಿಗ್ಗೆ ಎದ್ದ ಕೂಡಲೇ ಎರಡು ಲೋಟ ಕುಡಿಯುತ್ತೇನೆ. ದಾರಿಯಲ್ಲಿ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತೇನೆ. ಮೂತ್ರದ ಬಣ್ಣ ನೋಡಿಕೊಳ್ಳುತ್ತೇನೆ. ತಿಳಿ ಹಳದಿ ಇದ್ದರೆ ಸರಿ, ಗಾಢ ಹಳದಿಗೆ ತಿರುಗಿದರೆ ನೀರು ಸಾಲದು ಅಂತ ಲೆಕ್ಕ. ಕಾರಿನಲ್ಲಿ ಹೋದ ದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸುತ್ತೇನೆ. ಗ್ರಾಹಕರಿಗೆ ಅಲ್ಲಿ ಶೌಚಾಲಯ, ಕುಡಿಯುವ ನೀರು ಇರಬೇಕು ಅಂತ ನಿಯಮವೇ ಇದೆ. ಮುಲಾಜಿಲ್ಲದೆ ಕೇಳಿ.

ಬಸ್ಸಿನಲ್ಲೂ ಕೇಳುವುದು ಕಲಿತೆ. ಮೊದಲ ಸಲ ಕೇಳುವಾಗ ಕೈ ನಡುಗುತ್ತಿತ್ತು. 'ಅಣ್ಣಾರ, ಎರಡು ನಿಮಿಷ ನಿಲ್ಲಸ್ತೀರೇನ್ರಿ?' ಅಂದೆ. ಕಂಡಕ್ಟರ್ ಗಂಟೆ ಎಳೆದು, 'ಹೋಗಿ ಬರ್ರಿ ಅಕ್ಕಾರ, ಬಿಟ್ಟು ಹೋಗಂಗಿಲ್ಲ' ಅಂದರು. ನನ್ನ ಹಿಂದೆಯೇ ಇನ್ನೂ ಮೂವರು ಹೆಂಗಸರು ಇಳಿದರು! ಅವರೂ ಎಷ್ಟು ಹೊತ್ತಿನಿಂದ ತಡೆದುಕೊಂಡು ಕೂತಿದ್ದರೋ.

ಇಳಿದು ನಾಲ್ಕು ಹೆಜ್ಜೆ ನಡೆದರೆ ಕಾಲಿಗೂ ಒಳ್ಳೆಯದು. ಒಂದೇ ಸಮನೆ 4 ಗಂಟೆಗಿಂತ ಜಾಸ್ತಿ ಕೂತು ಪ್ರಯಾಣ ಮಾಡಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ.

ಟೂರ್ ಪ್ಲಾನ್ ಹಾಕುವ ಸಾಹೇಬರಿಗೆ ಒಂದು ಮಾತು. ಹೆಣ್ಣುಮಕ್ಕಳನ್ನು ಊರಿಗೆ ಕಳಿಸುವ ಮೊದಲು ಅಲ್ಲಿಗೊಂದು ಫೋನ್ ಮಾಡಿ, ಶೌಚಾಲಯ ಇದೆಯಾ, ಬೀಗ ತೆಗೆದಿದೆಯಾ, ನೀರು ಬರುತ್ತದಾ ಅಂತ ಕೇಳಿ. ಲಾಡ್ಜ್ ಬುಕ್ ಮಾಡಲು ಫೋನ್ ಮಾಡುತ್ತೀರಿ ಅಲ್ವಾ, ಹಾಗೇ. ನಾಲ್ಕು ಜನರ ಮುಂದೆ ನಾವೇ ಇದನ್ನು ಕೇಳುವುದು ಎಷ್ಟು ಕಷ್ಟ ಅಂತ ನಿಮ್ಮ ಮನೆಯ ಹೆಣ್ಣುಮಕ್ಕಳನ್ನೇ ಕೇಳಿ ನೋಡಿ.

ಸೋಮವಾರ ಮತ್ತೆ ಮಾನ್ವಿಗೆ ಹೊರಟಿದ್ದೇನೆ. ಗಂಗಾವತಿ–ಸಿಂಧನೂರು–ಮಾನ್ವಿ ದಾರಿಯಲ್ಲಿ ಹೆಂಗಸರು ಧೈರ್ಯವಾಗಿ ಹೋಗಬಹುದಾದ, ನೀರು ಬರುವ ಶೌಚಾಲಯ ಯಾವ ಹೋಟೆಲ್, ಯಾವ ಬಂಕಿನಲ್ಲಿದೆ? ಗೊತ್ತಿದ್ದವರು ಊರಿನ ಹೆಸರು ಹಾಕಿ ತಿಳಿಸಿ. ಪಟ್ಟಿ ಮಾಡಿ ನಮ್ಮ ಆಫೀಸಿನ ಹೆಣ್ಣುಮಕ್ಕಳಿಗೆಲ್ಲ ಕಳಿಸುತ್ತೇನೆ.