ಈಗಿನ ಲಿಸ್ಟ್ ಯಾವುದು ಅಂತ ಯಾರಾದರೂ ಹೇಳಿ

"ರೀ, ಇದು ಹಳೇ ಲಿಸ್ಟು."

ನಾನು ಮಾಡುವ ವಾಲ್ವುಗಳನ್ನು ಹೊರದೇಶಕ್ಕೆ ಕಳಿಸೋ ವಿಷಯಕ್ಕೆ ಹೋಗಿದ್ದೆ. ಕೌಂಟರಿನಲ್ಲಿದ್ದವರು ಅಷ್ಟೇ ಹೇಳಿದ್ದು. ನಾನು ಕೊಟ್ಟ ಪ್ರಿಂಟ್‌ಔಟ್ ಕಟ್ಟಿನ ಮೊದಲ ಪುಟದಲ್ಲಿ ತಾರೀಖು ಇತ್ತಲ್ಲ, ಅದರ ಮೇಲೆ ಪೆನ್ನಿನ ತುದಿಯಿಂದ ಟಕ್ ಟಕ್ ಅಂತ ಎರಡು ಸಲ ಕುಟ್ಟಿದರು. ಕಟ್ಟನ್ನು ನನ್ನ ಕಡೆ ತಳ್ಳಿದರು. ಹಿಂದೆ ಆರು ಜನ ನಿಂತಿದ್ದರು. ಒಬ್ಬರು ಆಗಲೇ ತಮ್ಮ ಫೈಲ್ ಮುಂದೆ ಚಾಚಿದರು. ರಫ್ತಿನ ಕಾಗದಪತ್ರ ನೋಡಿಕೊಳ್ಳುವ ಕ್ಲಿಯರಿಂಗ್ ಏಜೆಂಟ್ ಕಳಿಸಿದ್ದ ಹುಡುಗ ಪಕ್ಕದಲ್ಲೇ ಇದ್ದ, ಅವನು ತಲೆ ತಗ್ಗಿಸಿ ನೆಲ ನೋಡಿದ. ಆ ಟಕ್ ಟಕ್ ಇನ್ನೂ ಕಿವಿಯಲ್ಲಿದೆ.

ಮೂರು ರಾತ್ರಿ ಕೂತು ಓದಿದ್ದೆ ಕಣ್ರೀ. ಸ್ಕೋಮೆಟ್ ಲಿಸ್ಟ್, ಅಂದರೆ ಆಯುಧಕ್ಕೂ ಬಳಕೆಯಾಗಬಹುದು ಅಂತ ಸರ್ಕಾರ ರಫ್ತಿಗೆ ನಿಯಂತ್ರಣ ಇಟ್ಟಿರೋ ವಸ್ತುಗಳ ಪಟ್ಟಿ; ರಫ್ತು ನೀತಿಯ ಶೆಡ್ಯೂಲ್ 2ರ ಅಪೆಂಡಿಕ್ಸ್ 3. ಹುಡುಕಿದಾಗ ಮೊದಲು ಸಿಕ್ಕ ಪಿಡಿಎಫ್ ಅದೇ. ಲಾಂಛನ ಇತ್ತು, ಅಧಿಸೂಚನೆ ನಂಬರ್ ಇತ್ತು. ಇದಾದ ಮೇಲೆ ಇನ್ನೊಂದು ಬಂದಿದೆ ಅಂತ ಎಲ್ಲೂ ಒಂದು ಸಾಲಿಲ್ಲ. ನನ್ನ ವಾಲ್ವಿನಂಥ ರಾಸಾಯನಿಕ ಉಪಕರಣಗಳು ಬರುವ 3ಡಿ ಅನ್ನೋ ಭಾಗಕ್ಕೆ ಹಳದಿ ಪೆನ್ನಲ್ಲಿ ಗೆರೆ ಎಳೆದುಕೊಂಡು ಹೋಗಿದ್ದೆ. ಆ ಹಳದಿ ಗೆರೆಗಳನ್ನು ಅವರು ತಿರುಗಿಸಿಯೂ ನೋಡಲಿಲ್ಲ.

ತಾರೀಖು ನೋಡಬೇಕಿತ್ತು, ತಪ್ಪು ನನ್ನದೇ. ಇಲ್ಲ, ನನ್ನದು ಹೇಗಾಗುತ್ತೆ? ಹಳೆಯದರ ಮೇಲೆ "ಇದು ರದ್ದಾಗಿದೆ" ಅಂತ ಒಂದು ಸೀಲ್ ಹಾಕೋದು ಅಷ್ಟು ಕಷ್ಟವಾ? ಸರಿ, ಹಳೇದೇ ಇರಲಿ. ನನ್ನ ವಾಲ್ವಿನ ಸಾಲು ಹೊಸದರಲ್ಲಿ ಬದಲಾಗಿದೆಯಾ ಇಲ್ವಾ, ಅದಾದರೂ ಹೇಳಬಹುದಿತ್ತು ಅಲ್ವಾ? ಕೇಳಿದೆ. "ವೆಬ್‌ಸೈಟ್‌ನಲ್ಲಿದೆ, ನೋಡಿ" ಅಂದರು. ವೆಬ್‌ಸೈಟ್ ನೋಡಿಕೊಂಡೇ ಬಂದಿದ್ದು ಸ್ವಾಮಿ!

ಸರಕಿನ ವರ್ಗ ಗುರುತಿಸುವ ಎಚ್‌ಎಸ್ ಕೋಡ್ ನೋಡಿ ತಿಳಿಯೋಣ ಅಂದರೆ ಅದೂ ಆಗಲ್ಲ. 8481. ಬಚ್ಚಲುಮನೆ ನಲ್ಲಿಗೂ ಅದೇ, ಪೀಣ್ಯದ ನನ್ನ ಶೆಡ್ಡಿನಲ್ಲಿ ಟೆಫ್ಲಾನ್ ಲೈನಿಂಗ್ ಹಾಕಿ ಮಾಡುವ ವಾಲ್ವಿಗೂ ಅದೇ. ಸ್ಕೋಮೆಟ್ ಕೇಳೋದು ಬೇರೆ: ಸೈಜ್ ಎಷ್ಟು, ಒಳಗೆ ದ್ರವ ತಾಗುವ ಭಾಗ ಯಾವ ವಸ್ತುವಿನದು. ಅದು ಆ ಪಟ್ಟಿ ಓದಿದರೇನೇ ಗೊತ್ತಾಗೋದು.

ನಿಯಮ ಬೇಡ ಅನ್ನುತ್ತಿಲ್ಲ. ಆಸಿಡ್ ತಡೆಯುವ ವಾಲ್ವ್ ಔಷಧಿ ಮಾಡುವವನಿಗೂ ಬೇಕು, ವಿಷಾನಿಲ ಮಾಡುವವನಿಗೂ ಬೇಕು. ನಮ್ಮ ದೇಶ 2018ರಲ್ಲಿ ಆಸ್ಟ್ರೇಲಿಯಾ ಗ್ರೂಪ್ (ರಾಸಾಯನಿಕ, ಜೈವಿಕ ಅಸ್ತ್ರ ಹರಡದಂತೆ ರಫ್ತು ನಿಯಂತ್ರಿಸುವ ದೇಶಗಳ ಕೂಟ) ಸೇರಿದೆ, ಇಂಥದ್ದು ಯಾರ ಕೈಗೆ ಹೋಗುತ್ತೆ ಅಂತ ಕಾಯಲೇಬೇಕು. ಗಿರಾಕಿಯಿಂದ ಎಂಡ್ ಯೂಸ್ ಸರ್ಟಿಫಿಕೇಟ್ (ಮಾಲನ್ನು ಯಾವುದಕ್ಕೆ ಬಳಸುತ್ತೇವೆ ಅನ್ನೋ ಪತ್ರ) ಕೂಡ ತರಿಸಿಟ್ಟಿದ್ದೇನೆ. ಆದರೆ 1992ರ ವಿದೇಶಿ ವ್ಯಾಪಾರ ಕಾಯ್ದೆ ಪ್ರಕಾರ, ತಪ್ಪಿದರೆ ಮಾಲಿನ ಬೆಲೆಯ ಐದು ಪಟ್ಟಿನವರೆಗೂ ದಂಡ ಹಾಕಬಹುದು. ಐದು ಪಟ್ಟು! ಶೆಡ್ಡು ಮಾರಿದರೂ ಸಾಲದು. ಇಷ್ಟು ದೊಡ್ಡ ದಂಡ ಇಟ್ಟ ಮೇಲೆ, "ಇವತ್ತು ಜಾರಿಯಲ್ಲಿರೋದು ಇದು" ಅಂತ ಎಲ್ಲರ ಕಣ್ಣಿಗೆ ಬೀಳೋ ಹಾಗೆ ತೋರಿಸಬೇಕಾದವರು ಯಾರು? ಯಾರಾದರೂ ಉತ್ತರ ಕೊಡಿ.

ಎಕ್ಸ್‌ಪೋರ್ಟೇ ಬೇಡ, ಇಲ್ಲೇ ಮಾರಿಕೊಂಡು ಇರೋಣ ಅಂತ ಮಧ್ಯಾಹ್ನ ಮನೆಯಲ್ಲಿ ಹೇಳಿಬಿಟ್ಟೆ. ಆದರೆ ಶೆಡ್ಡಿನಲ್ಲಿ ನಲವತ್ತು ವಾಲ್ವ್ ಪ್ಯಾಕ್ ಆಗಿ, ಗಿರಾಕಿ ಹೆಸರು ಬರೆಸಿಕೊಂಡು ಕೂತಿವೆ. ಹೋಗದೆ ಏನು ಮಾಡಲಿ?

ಈಗ ರಾತ್ರಿ ಹನ್ನೊಂದು. ಎದುರಿಗೆ ಮೂರು ಪಿಡಿಎಫ್ ತೆರೆದಿಟ್ಟಿದ್ದೇನೆ. ಮೂರಕ್ಕೂ ಒಂದೇ ಹೆಸರು. ಯಾವುದನ್ನು ಪ್ರಿಂಟ್ ತೆಗೆಯಲಿ? ಗೊತ್ತಿದ್ದವರು ದಯವಿಟ್ಟು ಹೇಳಿ. ಸೋಮವಾರ ಬೆಳಗ್ಗೆ ಮತ್ತೆ ಅದೇ ಕೌಂಟರ್ ಮುಂದೆ ನಿಲ್ಲಬೇಕು.